ಕೇಳ್ರಿ, ಹೇಳ್ತೀವಿ: ಕೈ ಬದಲಾದರೂ ಕೆಲಸ ಕೆಡಬಾರದು

ಕಂಪ್ಯೂಟೇಶನಲ್ ಥಿಂಕಿಂಗ್ ಕುರಿತು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಇದಕ್ಕೆ ಕನ್ನಡದಲ್ಲಿ ಗಣಕ ಚಿಂತನೆ ಎಂದೂ ಗಣನಾ ಚಿಂತನೆ ಎಂದೂ ಹೇಳುವುದುಂಟು. ‘ಗಣಕ’ ಅಂದ ಕೂಡಲೇ ಮೇಜಿನ ಮೇಲಿನ ಯಂತ್ರವೇ ಕಣ್ಣಮುಂದೆ ಬರುವುದರಿಂದ ನಾವಿಲ್ಲಿ ಗಣನಾ ಚಿಂತನೆ ಎಂದೇ ಬರೆಯುತ್ತೇವೆ.

ಬಿ.ಇಡಿ. ಪರೀಕ್ಷೆಗೆ ಓದಾಕತ್ತೀನ್ರಿ. ಗಣನಾ ಚಿಂತನೆಯ ವ್ಯಾಖ್ಯೆ ಒಂದೊಂದು ನೋಟ್ಸಿನ್ಯಾಗ ಒಂದೊಂದು ಥರಾ ಐತಿ. ಒಬ್ಬರು ‘ನಾಲ್ಕು ಕಂಬ’ ಅಂತಾರ, ಇನ್ನೊಬ್ಬರು ‘ಕಂಪ್ಯೂಟರಿನಂಗ ವಿಚಾರ ಮಾಡೋದು’ ಅಂತಾರ. ಖರೇ ಯಾವುದ್ರಿ?
– ವಿದ್ಯಾರ್ಥಿನಿ, ಧಾರವಾಡ

‘ಕಂಪ್ಯೂಟರಿನಂತೆ ಯೋಚಿಸುವುದು’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ. ಯಂತ್ರ ಹೇಳಿದ್ದನ್ನು ಮಾಡುತ್ತದೆ. ಯೋಚಿಸಬೇಕಾದವರು ಹೇಳುವವರು.

ಮಕ್ಕಳ ಕಲಿಕೆಯ ಮೇಲೆ ಕೆಲಸ ಮಾಡಿದ ಗಣಿತಜ್ಞ ಸೀಮೋರ್ ಪೇಪರ್ಟ್ 1980ರಲ್ಲಿ ತಮ್ಮ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಈ ಪದವನ್ನು ಬಳಸಿದ್ದರು, ವ್ಯಾಖ್ಯೆ ಕೊಡುವ ಗೋಜಿಗೆ ಹೋಗಿರಲಿಲ್ಲ. ಮಕ್ಕಳಿಗಾಗಿ ಮಾಡಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗೆರೆ ಎಳೆಯುವ ಆಮೆಗೆ ‘ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ಬಲಕ್ಕೆ ತಿರುಗು’ ಎಂದು ಹೇಳುತ್ತ ಹೇಳುತ್ತ ಮಗು ರೇಖಾಗಣಿತವನ್ನು ತಾನೇ ಕಂಡುಕೊಳ್ಳುತ್ತದೆ ಎಂಬುದರ ಮೇಲೆ ಅವರ ಗಮನವಿತ್ತು. ಪದ ಎಲ್ಲರ ಬಾಯಿಗೆ ಬಂದದ್ದು 2006ರ ಮಾರ್ಚಿನಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಜೆನೆಟ್ ವಿಂಗ್ ‘ಕಮ್ಯುನಿಕೇಶನ್ಸ್ ಆಫ್ ದಿ ಎಸಿಎಂ’ ಎಂಬ ಕಂಪ್ಯೂಟರ್ ವಿಜ್ಞಾನದ ಪತ್ರಿಕೆಯಲ್ಲಿ ಮೂರು ಪುಟದ ಲೇಖನ ಬರೆದರು. ಓದು, ಬರಹ, ಲೆಕ್ಕದ ಸಾಲಿನಲ್ಲಿ ಇದನ್ನೂ ಎಲ್ಲ ಮಕ್ಕಳಿಗೆ ಕಲಿಸಬೇಕು, ಇದು ಮನುಷ್ಯರು ಯೋಚಿಸುವ ರೀತಿಯೇ ಹೊರತು ಯಂತ್ರದ್ದಲ್ಲ ಎಂದು ಅಲ್ಲೇ ಹೇಳಿದ್ದರು. ನಿಮ್ಮ ನೋಟ್ಸು ಬರೆದವರು ಆ ಲೇಖನ ತೆರೆದು ನೋಡಿದಂತಿಲ್ಲ.

ಆ ಲೇಖನದಲ್ಲಿ ಉತ್ಸಾಹ ಹೆಚ್ಚಿತ್ತು, ಒಂದೇ ಸಾಲಿನ ಬಿಗಿ ವ್ಯಾಖ್ಯೆ ಇರಲಿಲ್ಲ. ಅದು 2010ರಲ್ಲಿ ಬಂತು. ಜ್ಯಾನ್ ಕ್ಯೂನಿ, ಲ್ಯಾರಿ ಸ್ನೈಡರ್ ಜೊತೆ ಸೇರಿ ವಿಂಗ್ ಕಟ್ಟಿದ ವ್ಯಾಖ್ಯೆಯ ಸಾರ ಹೀಗಿದೆ: ಮಾಹಿತಿಯನ್ನು ಸಂಸ್ಕರಿಸಬಲ್ಲ ಒಬ್ಬ ‘ಮಾಡುವವ’ ನಡೆಸಿಕೊಡಬಹುದಾದ ರೂಪದಲ್ಲಿ ಸಮಸ್ಯೆಯನ್ನೂ ಪರಿಹಾರವನ್ನೂ ಕಟ್ಟಿಕೊಡುವ ಯೋಚನೆ. ಕೊಲಂಬಿಯಾ ವಿಶ್ವವಿದ್ಯಾಲಯದ ಆಲ್ಫ್ರೆಡ್ ಆಹೊ 2012ರ ಲೇಖನದಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದರು. ಪರಿಹಾರ ಗಣನೆಯ ಹಂತಗಳಾಗಿ, ಅಲ್ಗಾರಿದಮ್ ಆಗಿ ಬರೆಯಲು ಬರುವಂತಿರಬೇಕು; ಅದಕ್ಕೆ ತಕ್ಕ ಗಣನೆಯ ಮಾದರಿಯನ್ನು, ಅಂದರೆ ಮಾಡುವವನಿಗೆ ಯಾವ ಯಾವ ನಡೆ ಬರುತ್ತದೆ ಎಂಬ ಚೌಕಟ್ಟನ್ನು, ಹುಡುಕಿಕೊಳ್ಳುವುದು ಈ ಯೋಚನೆಯ ಮುಖ್ಯ ಭಾಗ ಎಂದರು.

ಎಲ್ಲದರ ನಡುವೆ ಗಟ್ಟಿ ಹಿಡಿಯಬೇಕಾದ ಪದ ‘ಮಾಡುವವ’. ಅವನು ಯಂತ್ರವಾಗಿರಬಹುದು, ಪಕ್ಕದ ಮನೆಯ ಹುಡುಗನಾಗಿರಬಹುದು. ಕಳೆದ ಶತಮಾನದ ನಡುಭಾಗದವರೆಗೂ ‘ಕಂಪ್ಯೂಟರ್’ ಎಂದರೆ ಲೆಕ್ಕ ಮಾಡಲು ಕೂರಿಸಿದ ಮನುಷ್ಯನೇ ಆಗಿದ್ದ. ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಮೊದಲು ಗೊತ್ತು ಮಾಡಿಕೊಂಡು, ಅವನು ನಿಮ್ಮನ್ನು ತಿರುಗಿ ಕೇಳದಂತೆ ಕೆಲಸ ಒಪ್ಪಿಸಬೇಕು. ಕೈ ಬದಲಾದರೂ ಉತ್ತರ ಬದಲಾಗಬಾರದು.

‘ನಾಲ್ಕು ಕಂಬ’ ಸುಳ್ಳಲ್ಲ. ಸಮಸ್ಯೆಯನ್ನು ತುಂಡು ಮಾಡುವುದು, ಮರುಕಳಿಸುವ ವಿನ್ಯಾಸ ಗುರುತಿಸುವುದು, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಉಳಿಸಿಕೊಳ್ಳುವ ಅಮೂರ್ತೀಕರಣ, ಕೊನೆಗೆ ಅಲ್ಗಾರಿದಮ್. ಇದು ಪಾಠದ ಅನುಕೂಲಕ್ಕೆ ಮಾಡಿಕೊಂಡ ಪಟ್ಟಿ. ವಿಂಗ್ ಅವರ ಲೇಖನದಲ್ಲಿ ಹೀಗೆ ನಾಲ್ಕೆಂದು ಎಣಿಸಿಲ್ಲ. ನಾಲ್ಕರಲ್ಲಿ ಮಕ್ಕಳಿಗೆ ತೊಡಕಾಗುವುದು ಅಮೂರ್ತೀಕರಣ. ಹುಬ್ಬಳ್ಳಿ–ಧಾರವಾಡ ಚಿಗರಿ ಬಸ್ಸಿನ ನಿಲ್ದಾಣಗಳನ್ನು ಒಂದು ನೆಟ್ಟನೆ ಗೆರೆಯ ಮೇಲೆ ಬರೆಸಿ: ಉಣಕಲ್, ನವನಗರ, ರಾಯಾಪುರ, ಸತ್ತೂರು. ದಾರಿಯ ತಿರುವಿಲ್ಲ, ಏರಿಳಿತವಿಲ್ಲ, ಉಣಕಲ್ ಕೆರೆಯೂ ಇಲ್ಲ. ಯಾವುದಾದ ಮೇಲೆ ಯಾವುದು ಎಂಬುದಷ್ಟೇ ಉಳಿದಿದೆ. ಇಳಿಯುವವನಿಗೆ ಅಷ್ಟು ಸಾಕು. ರಸ್ತೆ ರಿಪೇರಿ ಮಾಡುವ ಎಂಜಿನಿಯರಿಗೆ ಅದೇ ಚಿತ್ರ ನಿರುಪಯೋಗಿ. ಏನನ್ನು ಬಿಡಬೇಕೆಂಬುದು ಕೇಳುವವನ ಕೆಲಸ ಏನು ಎಂಬುದರ ಮೇಲೆ ನಿಂತಿದೆ.

ಪರೀಕ್ಷೆಯಲ್ಲಿ 2010ರ ವ್ಯಾಖ್ಯೆಯನ್ನು ನಿಮ್ಮ ಮಾತಿನಲ್ಲಿ ಬರೆದು, ಕೆಳಗೆ ನಾಲ್ಕು ಅಂಶ ಕೊಡಿ. ಅಂಕ ಹೆಚ್ಚಿದ್ದರೆ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನಿಂಗ್ 2017ರಲ್ಲಿ ಎತ್ತಿದ ತಕರಾರನ್ನೂ ಸೇರಿಸಿ. ಹಂತಗಳ ಸಾಲೆಲ್ಲ ಅಲ್ಗಾರಿದಮ್ ಅಲ್ಲ, ಅದನ್ನು ನಡೆಸುವ ಗಣನೆಯ ಮಾದರಿ ಹಿಂದೆ ಇರಬೇಕು. ಗಣನಾ ಚಿಂತನೆ ಕಲಿತರೆ ಎಲ್ಲ ಕ್ಷೇತ್ರದಲ್ಲೂ ಸಮಸ್ಯೆ ಬಿಡಿಸುವ ಶಕ್ತಿ ಬರುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂಬುದು ಅವರ ವಾದ. ನಮಗೂ ಅದು ಸರಿ ಅನಿಸುತ್ತದೆ.

ನಾನು ಕಸೂತಿ ಹಾಕಾಕಿ. ಎಂಜಿನಿಯರಿಂಗ್ ಓದೋ ಮಗಳು ‘ಅವ್ವಾ, ನೀ ಹಾಕೋ ಗವಂತಿನೂ ಅಲ್ಗಾರಿದಮ್ಮ’ ಅಂತಾಳ. ನಗಿಚ್ಯಾಟಕ್ಕ ಅಂದಾಳೋ, ಖರೇನ ಐತೋ?
– ಕಸೂತಿ ಕೆಲಸದವರು, ಧಾರವಾಡ ತಾಲೂಕು

ಖರೇನೇ ಐತ್ರಿ, ಅಕ್ಕಾರ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಬಟ್ಟೆಯ ಮೇಲೆ ಅಚ್ಚು ಹಾಕಿಕೊಳ್ಳದೆ, ಎಳೆ ಎಣಿಸಿಯೇ ಹಾಕುವುದು ನಿಮಗೆ ಗೊತ್ತೇ ಇದೆ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ; ಬರುವಾಗ ಖಾಲಿ ಬಿಟ್ಟದ್ದು ತುಂಬುತ್ತದೆ. ಗಂಟು ಇಲ್ಲ, ಎರಡೂ ಮುಖ ಒಂದೇ ಥರ.

ಓದುಗರಿಗಾಗಿ ಒಂದು ಚಿಕ್ಕ ತುಣುಕನ್ನು ಬಿಡಿಸಿ ನೋಡೋಣ. ಸಾಲಾಗಿ ಐದು ತೂತು: ಅ, ಆ, ಇ, ಈ, ಉ. ಆ ಎಂಬಲ್ಲಿ ಮೇಲಕ್ಕೆ ಒಂದು ಕವಲು, ಅದರ ತುದಿ ಕ. ಒಟ್ಟು ಐದು ಗೆರೆ, ಎಲ್ಲವೂ ಸಮ ಎಳೆಯವು. ಸೂಜಿ ಹೋಗುವ ದಾರಿ ಹೀಗೆ: ಅ–ಆ ಮೇಲೆ, ಆ–ಕ ಕೆಳಗೆ, ಕ–ಆ ಮೇಲೆ, ಆ–ಇ ಕೆಳಗೆ, ಇ–ಈ ಮೇಲೆ, ಈ–ಉ ಕೆಳಗೆ. ಇಲ್ಲಿಂದ ವಾಪಸ್ಸು: ಉ–ಈ ಮೇಲೆ, ಈ–ಇ ಕೆಳಗೆ, ಇ–ಆ ಮೇಲೆ, ಆ–ಅ ಕೆಳಗೆ. ಹತ್ತು ನಡೆ. ಐದೂ ಗೆರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬಂದವು, ದಾರ ಹೊರಟಲ್ಲಿಗೇ ಬಂತು.

ಇದರ ಹಿಂದಿನ ನಿಯಮ ಇಷ್ಟೇ: ಕವಲು ಬಂದರೆ ಮೊದಲು ಅದರ ತುದಿ ಮುಟ್ಟಿ ಬಂದ ದಾರಿಯಲ್ಲೇ ಹಿಂದಿರುಗು, ಆಮೇಲೆ ಮುಂದೆ ನಡೆ. ಕವಲಿನೊಳಗೆ ಕವಲಿದ್ದರೂ ಅದೇ ನಿಯಮ. ಇದು ಯಾಕೆ ತಪ್ಪುವುದಿಲ್ಲ? ಕವಲು ಎಷ್ಟೇ ಉದ್ದವಿರಲಿ, ಹೋಗಿ ಬರುವ ನಡೆ ಯಾವಾಗಲೂ ಸಮಸಂಖ್ಯೆ. ಹಾಗಾಗಿ ಮೇಲೆ–ಕೆಳಗೆ ಸರದಿ ಕೆಡುವುದಿಲ್ಲ. ಕವಲನ್ನು ಹೋಗುವಾಗ ಮರೆತರೆ ಬರುವಾಗ ಹಾಕಬಹುದು. ಎರಡೂ ಸಲ ಮರೆತರೆ ದಾರ ಕತ್ತರಿಸದೆ ಗತಿಯಿಲ್ಲ.

ಹೊಸಬರು ಎಡವುವುದು ಚೌಕದಲ್ಲಿ. ನಾಲ್ಕು ಗೆರೆಯ ಚೌಕ ಸುತ್ತಿ ಮೊದಲಿನ ತೂತಿಗೆ ಬಂದ ಮೇಲೆ, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೊರಡುತ್ತಾರೆ. ಆಗ ಐದನೇ ನಡೆ ಒಂದನೆಯದರ ಮೇಲೆಯೇ ಬೀಳುತ್ತದೆ, ಮೇಲಿದ್ದದ್ದು ಮೇಲೆಯೇ ದಪ್ಪಗಾಗುತ್ತದೆ, ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ನಾಲ್ಕು ಸಮಸಂಖ್ಯೆಯಾದ್ದರಿಂದ ಸರದಿ ಸ್ವಲ್ಪವೂ ಸರಿಯುವುದಿಲ್ಲ. ಬಂದ ದಿಕ್ಕಿಗೇ ತಿರುಗಿ ಹೋಗಬೇಕು. ನಿಮ್ಮ ಕೈಗೆ ಇದು ಗೊತ್ತು. ಯಾಕೆ ಎಂದು ಹೇಳಲು ಬಂದರೆ ಅದು ಗಣನಾ ಚಿಂತನೆ. ಸುಮ್ಮನೆ ಕಸೂತಿ ಹಾಕುವುದನ್ನೇ ಹಾಗೆ ಕರೆದರೆ ಆ ಪದಕ್ಕೆ ಅರ್ಥ ಉಳಿಯುವುದಿಲ್ಲ. ನಿಮ್ಮ ನಿಯಮವನ್ನು ಕಾಗದದ ಮೇಲೆ ಬರೆದು, ನೀವಿಲ್ಲದಾಗ ಮಗಳು ಅದನ್ನು ನೋಡಿ ಬಟ್ಟೆಯ ಮೇಲೆ ಒಂದು ಗೋಪುರದ ಚಿತ್ತಾರ ಹಾಕಿದಳೋ, ಆಗ ಅವಳ ಮಾತು ಪೂರ್ತಿ ನಿಜ.

ನಮ್ಮ ಸಾಲ್ಯಾಗ ಇರೋದು ಒಂದ ಕಂಪ್ಯೂಟರ್‍ರಿ, ಅದೂ ಹೆಡ್ ಮಾಸ್ತರ ಟೇಬಲ್ ಮ್ಯಾಲೆ. ಆರನೇ ಇಯತ್ತೆಯೊಳಗ 31 ಮಕ್ಕಳದಾವ. ಚಹಾ ಮಾಡೋ ಹಂತ ಬರಸ್ತೀವಿ. ಅಷ್ಟ ಸಾಕೇನ್ರಿ?
– ಶಿಕ್ಷಕಿ, ಬೆಟಗೇರಿ

ಚಹಾದ ಪಾಠ ತಪ್ಪೇನಲ್ಲ, ಆದರೆ ಬಲು ಸವೆದಿದೆ. ‘ಸಕ್ಕರೆ ರುಚಿಗೆ ತಕ್ಕಷ್ಟು’ ಎಂಬಲ್ಲಿ ಅದು ಮುರಿದು ಬೀಳುತ್ತದೆ: ರುಚಿ ಮಾಡುವವನದ್ದಾದರೆ ಉತ್ತರ ಕೈಯಿಂದ ಕೈಗೆ ಬದಲಾಗುತ್ತದೆ. ಅದರಲ್ಲಿ ತೀರ್ಮಾನ ತೆಗೆದುಕೊಳ್ಳುವ ಜಾಗವೂ ಕಡಿಮೆ. ಕಂಪ್ಯೂಟರ್ ಇಲ್ಲದೆಯೇ ಇದಕ್ಕಿಂತ ಗಟ್ಟಿಯಾದ ಎರಡು ಪಿರಿಯಡ್ಡಿನ ಕೆಲಸ ಇಲ್ಲಿದೆ.

ಹಳೆ ಲಗ್ನಪತ್ರಿಕೆ ಕತ್ತರಿಸಿ 31 ಚೀಟಿ ಮಾಡಿ. ಒಂದೊಂದರ ಮೇಲೆ ಒಂದು ಮೂರಂಕಿಯ ಸಂಖ್ಯೆ, ಯಾವುದೂ ಎರಡು ಸಲ ಬರಬಾರದು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ 1ರಿಂದ 31ರವರೆಗೆ ಮನೆ ಬರೆದು, ಚೀಟಿಗಳನ್ನು ಕಲಸಿ ಬೋರಲು ಇಡಿ. ಒಂದು ಸಂಖ್ಯೆ ಹೇಳಿ ಹುಡುಕಿಸಿ. ಎತ್ತಿ ನೋಡಿದ್ದನ್ನು ಒಬ್ಬರು ಬೋರ್ಡಿನ ಮೇಲೆ ಗೀಟು ಹಾಕಿ ಎಣಿಸಲಿ. ಅದೃಷ್ಟವಿದ್ದರೆ 1, ಇಲ್ಲದಿದ್ದರೆ 31, ಸರಾಸರಿ 16.

ಎರಡನೇ ಸುತ್ತಿಗೆ ಚೀಟಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಬೋರಲು ಇಡಿ. ನಿಯಮ: ನಡುವಿನ ಚೀಟಿ ನೋಡು. ಅದೇ ಆಗಿದ್ದರೆ ನಿಲ್ಲು. ಬೇಕಾದ ಸಂಖ್ಯೆ ದೊಡ್ಡದಿದ್ದರೆ ಎಡಭಾಗ ಬಿಡು, ಚಿಕ್ಕದಿದ್ದರೆ ಬಲಭಾಗ ಬಿಡು. ಉಳಿದದ್ದರಲ್ಲಿ ಮತ್ತೆ ನಡುವಿನದು ನೋಡು. ಮೊದಲು 16ನೇ ಮನೆ, ದೊಡ್ಡದಿದ್ದರೆ 24ನೆಯದು, ಹೀಗೆ. ಐದು ನೋಟದೊಳಗೆ ಸಿಗಲೇಬೇಕು, ಯಾಕೆಂದರೆ 31, 15, 7, 3, 1 ಎಂದು ಉಳಿಕೆ ಇಳಿಯುತ್ತದೆ.

ಮಕ್ಕಳು ಇಲ್ಲಿ ಒಂದು ತಪ್ಪು ಮಾಡಬಹುದು, ಮಾಡಿದರೆ ತಿದ್ದಲು ಅವಸರ ಮಾಡಬೇಡಿ. ‘ಎಡಭಾಗ ಬಿಡು’ ಎಂದಾಗ ಈಗಷ್ಟೇ ನೋಡಿದ 16ನ್ನು ಬಿಡುವುದಿಲ್ಲ, 16ರಿಂದ 31 ಎಂದು ಇಟ್ಟುಕೊಳ್ಳುತ್ತಾರೆ. ನಡು ಸರಿಯಾಗಿ ಬರದಿದ್ದರೆ ಕೆಳಗಿನ ಮನೆ ಹಿಡಿಯಬೇಕು ಎಂದು ಮೊದಲೇ ಗೊತ್ತು ಮಾಡಿ, ಹುಡುಕಬೇಕಾದ ಸಂಖ್ಯೆ 31ನೇ ಮನೆಯಲ್ಲೇ ಇರುವಂತೆ ನೀವೇ ಆರಿಸಿ. 16, 23, 27, 29, 30, ಮತ್ತೆ 30, ಮತ್ತೆ 30. ಉಳಿದದ್ದು 30 ಮತ್ತು 31. ನಡು ಯಾವಾಗಲೂ 30. ಹುಡುಗ ಅಲ್ಲೇ ಗಿರಕಿ ಹೊಡೆಯುತ್ತಾನೆ, ಮುಗಿಯುವುದೇ ಇಲ್ಲ. ಪ್ರೋಗ್ರಾಂ ಬರೆಯುವವರ ಕೈಯಲ್ಲಿ ಯಂತ್ರ ‘ಹ್ಯಾಂಗ್’ ಆಗುವುದಕ್ಕೂ ಇದು ಒಂದು ಕಾರಣ. ತಪ್ಪು ಯಾವ ಪದದಲ್ಲಿದೆ ಎಂದು ಮಕ್ಕಳೇ ಹುಡುಕಲಿ. ‘ಎಡಭಾಗವನ್ನೂ ಈಗ ನೋಡಿದ್ದನ್ನೂ ಬಿಡು’ ಎಂದು ತಿದ್ದಿದರೆ ಸರಿಹೋಗುತ್ತದೆ.

ಆಮೇಲೆ ಚೀಟಿಗಳಲ್ಲಿ ಇಲ್ಲದ ಒಂದು ಸಂಖ್ಯೆ ಕೇಳಿ. ‘ಇಲ್ಲ’ ಎಂದು ಯಾವಾಗ ಹೇಳಬೇಕು? ನಿಯಮದಲ್ಲಿ ಅದು ಇರಲೇ ಇಲ್ಲ. ‘ಉಳಿದದ್ದು ಏನೂ ಇಲ್ಲದಿದ್ದರೆ ಇಲ್ಲ ಎನ್ನು’ ಎಂಬ ಸಾಲು ಸೇರಿಸಬೇಕಾಗುತ್ತದೆ.

ಕೊನೆಗೆ ಒಂದು ಲೆಕ್ಕ. ಜೋಡಿಸುವ ಕೆಲಸವೇನು ಪುಕ್ಕಟೆಯೇ? ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಿ ಮುಂದಿಡುವುದು, ಉಳಿದದ್ದರಲ್ಲಿ ಚಿಕ್ಕದನ್ನು ಅದರ ಪಕ್ಕಕ್ಕಿಡುವುದು, ಈ ರೀತಿ ಮಾಡಿದರೆ 30 + 29 + 28... ಎಂದು ಒಟ್ಟು 465 ಹೋಲಿಕೆ. ಜೋಡಿಸಿದ ಮೇಲೆ ಒಂದು ಹುಡುಕಾಟಕ್ಕೆ 16ರ ಬದಲು 5, ಅಂದರೆ ಕಡಿಮೆಯೆಂದರೂ 11 ಉಳಿಯಿತು. 465ನ್ನು 11ರಿಂದ ಭಾಗಿಸಿ: 42ಕ್ಕಿಂತ ಒಂದಿಷ್ಟು ಹೆಚ್ಚು. ಅಷ್ಟು ಸಲ ಹುಡುಕುವುದಿದ್ದರೆ ಮಾತ್ರ ಜೋಡಿಸಿದ್ದು ಗಿಟ್ಟುತ್ತದೆ. ಒಂದೇ ಸಲ ಹುಡುಕುವುದಿದ್ದರೆ ಕಲಸಿದ ರಾಶಿಯಲ್ಲೇ ಕೈಯಾಡಿಸುವುದು ವಾಸಿ. ‘ಜೋಡಿಸಿಡುವುದು ಒಳ್ಳೆಯದು’ ಎಂದು ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಈ ಭಾಗಾಕಾರ ಮಾಡಿಸಿ.

ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ಲೆಕ್ಕ ಬರೀತೀನಿ. ಎಕ್ಸೆಲ್ ಚಲೋ ಬರ್ತದ. ಇದು ಗಣನಾ ಚಿಂತನೆ ಅನಿಸ್ಕೊಂತದೇನು?
– ಗುಮಾಸ್ತ, ಬ್ಯಾಡಗಿ

ಬೇರೆಯವರು ಮಾಡಿಟ್ಟ ಹಾಳೆಯಲ್ಲಿ ಅಂಕಿ ತುಂಬುವುದು ಅಲ್ಲ. ಹಾಳೆಯನ್ನೇ ನೀವು ಕಟ್ಟಿದ್ದರೆ ಹೌದು. ಎರಡು ಕಡೆ ಪರೀಕ್ಷೆ ಮಾಡಿಕೊಳ್ಳಿ. ಹಮಾಲಿ ದರವನ್ನು ಸೂತ್ರದೊಳಗೇ ಟೈಪ್ ಮಾಡಿದ್ದೀರಾ, ಹಾಳೆಯ ಬೇರೆ ಕೋಣೆಯಲ್ಲಿಟ್ಟು (ಸೆಲ್) ಸೂತ್ರ ಅದನ್ನು ನೋಡುವಂತೆ ಮಾಡಿದ್ದೀರಾ? ಮೊದಲಿನಂತಿದ್ದರೆ ದರ ಬದಲಾದ ದಿನ ಹತ್ತು ಸೂತ್ರ ತಿದ್ದಿ ಹನ್ನೊಂದನೆಯದು ಮರೆಯುತ್ತೀರಿ.

ಎರಡನೆಯದು, ತೂಕದ ದಶಾಂಶವನ್ನು ಎಲ್ಲಿ ಕೈಬಿಡುತ್ತೀರಿ ಎಂಬುದು. ಮೂರು ಚೀಲದ ನಿವ್ವಳ ತೂಕ 38.4, 41.4, 40.4 ಕಿಲೊ ಎನ್ನಿ. ಚೀಲಕ್ಕೊಂದರಂತೆ ಕಿಲೊಗೆ ಇಳಿಸಿದರೆ 38, 41, 40, ಕೂಡಿದರೆ 119. ಮೊದಲು ಕೂಡಿ ಆಮೇಲೆ ಇಳಿಸಿದರೆ 120.2, ಅಂದರೆ 120. ಕ್ವಿಂಟಲ್‌ಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಿಲೊಗೆ 200 ರೂಪಾಯಿ, ಮೂರೇ ಚೀಲದಲ್ಲಿ. ‘ತೂಕ ರೌಂಡ್ ಮಾಡು’ ಎಂದಷ್ಟೇ ಹೇಳಿ ಹೋದರೆ ಇಬ್ಬರು ಗುಮಾಸ್ತರು ಎರಡು ಬಿಲ್ ಮಾಡುತ್ತಾರೆ, ಇಬ್ಬರೂ ತಪ್ಪಿತಸ್ಥರಲ್ಲ. ರೈತ ಜಗಳಕ್ಕೆ ಬಂದರೆ ಅದು ಹೇಳಿದವನ ತಪ್ಪು.

ಮಗ ಐದನೇ ಕ್ಲಾಸು. ಕೋಡಿಂಗ್ ಕ್ಲಾಸಿಗೆ ಹಾಕ್ರಿ ಅಂತ ಫೋನ್ ಮ್ಯಾಲೆ ಫೋನ್ ಬರ್ತಾವ. ಹಾಕಲೇಬೇಕೇನು?
– ಪಾಲಕರು, ಹುಬ್ಬಳ್ಳಿ

ಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗಣಿತ ಮತ್ತು ಗಣನಾ ಚಿಂತನೆಗೆ ಬುನಾದಿ ಹಂತದಿಂದಲೇ ಒತ್ತು ಕೊಡಬೇಕೆನ್ನುತ್ತದೆ, ಕೋಡಿಂಗ್ ಚಟುವಟಿಕೆಯನ್ನು ಇಡುವುದು ಆರರಿಂದ ಎಂಟನೇ ತರಗತಿಯ ಮಧ್ಯಮ ಹಂತಕ್ಕೆ. ಎರಡೂ ಒಂದೇ ಅಲ್ಲ ಎಂಬುದು ಇದರಲ್ಲೇ ಕಾಣುತ್ತದೆ. ಹುಡುಗನಿಗೆ ಆಸೆಯಿದ್ದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಪುಕ್ಕಟೆ ಸಿಗುತ್ತದೆ, ತುಂಡು ಜೋಡಿಸಿ ಆಟ ಕಟ್ಟಬಹುದು. ಕ್ಲಾಸಿಗೆ ಹಾಕುವುದೇ ಆದರೆ ಒಂದು ಪಾಠ ಕೂತು ನೋಡಿ. ಮಾಸ್ತರು ಬರೆದದ್ದನ್ನು ಮಕ್ಕಳು ಹಾಗೇ ಟೈಪ್ ಮಾಡುತ್ತಿದ್ದರೆ ಅದು ಶುದ್ಧಬರಹ.

ಗಣಿತ ಬಂದವರಿಗೆ ಇದು ಬೇರೆ ಕಲಿಯೂದು ಏನೈತ್ರಿ? ನಮ್ಮದು ಬೀಜದ ಅಂಗಡಿ. ಹತ್ತು ಹಳ್ಳಿಗೆ ಮಾಲು ಕಳಸೋ ಗಾಡಿಗೆ ಹತ್ತರದ ದಾರಿ ಹುಡುಕಬೇಕು, ಅದು ಬರೇ ಕೂಡೂ ಲೆಕ್ಕ ಅಲ್ಲೇನು?
– ವ್ಯಾಪಾರಸ್ಥರು, ರಾಣೆಬೆನ್ನೂರು

ನಿಮ್ಮ ಉದಾಹರಣೆಯಲ್ಲೇ ವ್ಯತ್ಯಾಸ ಇದೆ. ‘ಎಲ್ಲ ಸರದಿಯನ್ನೂ ಕೂಡಿ ನೋಡಿ, ಕಡಿಮೆಯದನ್ನು ಆರಿಸು’ ಎಂದರೆ ಗಣಿತದ ದೃಷ್ಟಿಯಿಂದ ಉತ್ತರ ಇದೆ ಎಂದಾಯಿತು. ಗಣನಾ ಚಿಂತನೆ ಕೇಳುವುದು: ಅದಕ್ಕೆ ಎಷ್ಟು ಹಂತ, ಯಾರು ಮಾಡುವವರು, ಎಷ್ಟು ಹೊತ್ತಿಗೆ ಮುಗಿದೀತು? ಹತ್ತು ಹಳ್ಳಿಯನ್ನು 36,28,800 ಸರದಿಯಲ್ಲಿ ಸುತ್ತಬಹುದು. ಸೆಕೆಂಡಿಗೊಂದು ಸರದಿ ಕೂಡಿದರೆ, ಹಗಲೂ ರಾತ್ರಿ ಕೂತು, ಸರಿಯಾಗಿ 42 ದಿನ. ಇನ್ನೆರಡು ಹಳ್ಳಿ ಸೇರಿದರೆ ಕೆಲಸ 132 ಪಟ್ಟು: 5,544 ದಿನ, ಹದಿನೈದು ವರ್ಷ ದಾಟುತ್ತದೆ. ಕಂಪ್ಯೂಟರಿಗೆ ಹನ್ನೆರಡು ಹಳ್ಳಿ ಕಷ್ಟವಲ್ಲ, ಆದರೆ ಹಳ್ಳಿಗೊಂದು ಹಳ್ಳಿ ಸೇರಿದಂತೆ ಅದೂ ಸೋಲುತ್ತದೆ.

ಆದ್ದರಿಂದ ನಿಯಮ ಬದಲಿಸಿ: ಈಗಿರುವಲ್ಲಿಂದ, ಇನ್ನೂ ಹೋಗದಿರುವ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದಕ್ಕೆ ಹೋಗು. ಹತ್ತು ಹಳ್ಳಿಗೆ ಹೆಚ್ಚೆಂದರೆ 10 + 9 + 8... ಒಟ್ಟು 55 ದೂರ ನೋಡಿದರೆ ಮುಗಿಯಿತು, ಡ್ರೈವರೇ ಚೀಟಿಯ ಮೇಲೆ ಮಾಡಬಹುದು. ಇದು ಯಾವಾಗಲೂ ಅತಿ ಹತ್ತಿರದ ದಾರಿ ಕೊಡುವುದಿಲ್ಲ. ಮೂಲೆಯ ಒಂದು ಹಳ್ಳಿ ಕೊನೆಗೆ ಉಳಿದು, ಅದೊಂದಕ್ಕೇ ದೂರ ಹೋಗಬೇಕಾಗುತ್ತದೆ. ದಾರಿ ಬರೆದಾದ ಮೇಲೆ ಗೆರೆ ಎಲ್ಲಾದರೂ ಒಂದನ್ನೊಂದು ದಾಟಿದೆಯೇ ನೋಡಿ, ದಾಟಿದ್ದರೆ ಆ ಎರಡರ ನಡುವಿನ ಹಳ್ಳಿಗಳ ಸರದಿಯನ್ನು ತಿರುವಿ ಹಾಕಿ, ದೂರ ಮತ್ತೆ ಕೂಡಿ ನೋಡಿ. ಕಡಿಮೆಯಾದರೆ ಇಟ್ಟುಕೊಳ್ಳಿ.

ಇದಕ್ಕ ಮಾರ್ಕ್ಸ್ ಹೆಂಗ ಹಾಕಬೇಕ್ರಿ? ವ್ಯಾಖ್ಯೆ ಬರಿ ಅಂದ್ರ ಎಲ್ಲಾರೂ ಬಾಯಿಪಾಠ ಮಾಡ್ತಾರ.
– ಹೈಸ್ಕೂಲ್ ಶಿಕ್ಷಕರು, ಹಾವೇರಿ

ವ್ಯಾಖ್ಯೆ ಕೇಳಬೇಡಿ, ಚೀಟಿ ಬದಲಿಸಿ. ‘ಒಂದು ಪಟ್ಟಿಯಲ್ಲಿರುವ ಎಲ್ಲಕ್ಕಿಂತ ಹೆಚ್ಚು ಬೆಲೆಯ ಟೆಂಡರ್ ಹುಡುಕುವ ನಿಯಮ ಬರೆ’ ಎನ್ನಿ. ಬರೆದವರ ಚೀಟಿಯನ್ನು ಬೇರೆಯವರಿಗೆ ಕೊಟ್ಟು, ಬರೆದವರು ಬಾಯಿ ಬಿಡದಂತೆ ನಡೆಸಲಿ. ಹತ್ತು ಅಂಕದಲ್ಲಿ ಸಾಮಾನ್ಯ ಪಟ್ಟಿಗೆ ಸರಿ ಉತ್ತರ ಬಂದರೆ 4. ಕೇಳದೆಯೇ ನಡೆಸಲು ಬಂದರೆ 3. ಉಳಿದ 3 ಅಂಕವನ್ನು ಮೂರು ಕೊಂಕು ಪಟ್ಟಿಗಳಿಗೆ ಇಡಿ: ಒಂದೇ ಟೆಂಡರ್ ಇರುವುದು, ಎರಡು ಟೆಂಡರ್ ಸಮ ಬೆಲೆ ಇರುವುದು, ಒಂದೂ ಟೆಂಡರ್ ಇಲ್ಲದ ಖಾಲಿ ಪಟ್ಟಿ. ‘ಮೊದಲನೆಯದನ್ನು ಕೈಯಲ್ಲಿಟ್ಟುಕೋ’ ಎಂದು ಶುರುವಾಗುವ ನಿಯಮ ಖಾಲಿ ಪಟ್ಟಿಯಲ್ಲಿ ಅಲ್ಲೇ ನಿಲ್ಲುತ್ತದೆ. ಚೆನ್ನಾಗಿ ಓದುವ ಮಕ್ಕಳೂ ಇಲ್ಲಿ ಒಂದು ಅಂಕ ಬಿಟ್ಟಾರು, ಬೇಸರ ಮಾಡಿಕೊಳ್ಳಬೇಡಿ.

ಇಂಥ ಪ್ರಶ್ನೆಗಳ ಮಾದರಿ ಬೇಕಿದ್ದರೆ ‘ಬೆಬ್ರಾಸ್’ ಸ್ಪರ್ಧೆಯವು ನೋಡಿ. 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾದದ್ದು, ಈಗ ಭಾರತದಲ್ಲೂ ನಡೆಯುತ್ತದೆ, ಪ್ರೋಗ್ರಾಂ ಬರೆಯಲು ಬರಬೇಕಿಲ್ಲ. ಅಲ್ಲಿನ ಚಿತ್ರಗಳಲ್ಲಿ ಕಾಣುವ ಬೀವರ್ ಪ್ರಾಣಿ ನಮ್ಮ ಮಕ್ಕಳಿಗೆ ಹೊಸದು. ಅದರ ಜಾಗದಲ್ಲಿ ಎತ್ತನ್ನೋ ಚಕ್ಕಡಿಯನ್ನೋ ಇಟ್ಟು ಬರೆದುಕೊಡಿ, ಲೆಕ್ಕವೇನೂ ಬದಲಾಗುವುದಿಲ್ಲ.